ಮಾಡಿದ ಕೈಯ ಮಮಕಾರ

ಜ್ಯೇಷ್ಠ ಮಾಸದ ಅಮಾವಾಸ್ಯೆ ಸಮೀಪಿಸಿತೆಂದರೆ ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಮಣ್ಣಿಗೆ ಜೀವ ಬರುತ್ತದೆ. ಬಳಿಚಕ್ರವಿರಲಿ, ಶಹಾಪುರ ಸುರಪುರಗಳ ಕಡೆಯ ಯಾವುದೇ ಊರಿರಲಿ, ಮುಂಗಾರಿನ ಮೊದಲ ಮಳೆಗೆ ನೆನೆದ ಜಿಗಟು ಮಣ್ಣನ್ನು ತಂದು, ಕಲ್ಲು ಕಡ್ಡಿಗಳನ್ನು ಆರಿಸಿ, ನೀರು ಚಿಮುಕಿಸಿ ನಾದಿ, ಹಿರಿಯರೂ ಮಕ್ಕಳೂ ಜೋಡಿ ಎತ್ತುಗಳನ್ನು ಮಾಡುತ್ತಾರೆ. ಕೆಲವು ಮನೆಗಳಿಗೆ ಕುಂಬಾರರೇ ಎತ್ತುಗಳನ್ನು ಮಾಡಿ ತಂದುಕೊಟ್ಟು ಕಾಳುಕಡಿಗಳನ್ನು ಪಡೆಯುವುದೂ ಉಂಟು. ಎತ್ತಿಗೆ ಕೋಡು, ಭುಜ, ಗಂಗೆದೊಗಲು. ಮುಂದೆ ಮೇವಿಗೊಂದು ಗೋದಲಿ. ಅಮಾವಾಸ್ಯೆಯ ದಿನ ಅವುಗಳಿಗೆ ಪೂಜೆ ಸಲ್ಲುತ್ತದೆ, ಹೋಳಿಗೆಯ ಎಡೆಯಾಗುತ್ತದೆ. ಮರುದಿನ ಮಕ್ಕಳು ಕಾಲು ಮುರಿದ ಎತ್ತೊಂದನ್ನು ಹಿಡಿದು ಮನೆಮನೆಗೆ ತಿರುಗಿ ಕಾಳು ಬೇಡುತ್ತಾರೆ. ಕೊನೆಗೆ ಎತ್ತುಗಳನ್ನು ಹಳ್ಳಕ್ಕೋ ಕೆರೆಗೋ ಬಿಡುತ್ತಾರೆ. ಆ ಗಳಿಗೆಯಲ್ಲಿ ತನ್ನ ಎತ್ತನ್ನು ಎದೆಗವಚಿಕೊಂಡು ‘ನಂದು ಬಿಡಂಗಿಲ್ಲ’ ಎಂದು ಹಟ ಹಿಡಿಯುವ ಮಗು ಯಾವ ಊರಿನಲ್ಲಿಲ್ಲ?

ಹಿರಿಯರು ಆ ಹಟವನ್ನು ಕಂಡು ನಕ್ಕು ಮರೆಯುತ್ತಾರೆ. ವಿಚಾರಿಸಿ ನೋಡಿದರೆ ಅದು ನಕ್ಕು ಮರೆಯುವಷ್ಟು ಸಣ್ಣ ಸಂಗತಿಯಲ್ಲ. ಆ ಮಣ್ಣಿಗೆ ಬೆಲೆಯಿಲ್ಲ. ಬೇಕೆಂದರೆ ಇನ್ನೊಂದು ಎತ್ತು ಅರ್ಧ ಗಂಟೆಯಲ್ಲಿ ಆದೀತು. ಪಕ್ಕದ ಮನೆಯ ಹುಡುಗ ಮಾಡಿದ ಎತ್ತು ಇದಕ್ಕಿಂತ ಅಂದವಾಗಿಯೂ ಇರಬಹುದು. ಆದರೂ ಮಗುವಿಗೆ ಈ ಎತ್ತೇ ಬೇಕು! ಗೊಂಬೆಗಳನ್ನು ಮಾಡಿ ಹೊಟ್ಟೆ ಹೊರೆಯುವ ಕಸುಬುದಾರನ ಮುಂದೆಯೂ ಇದೇ ಇಕ್ಕಟ್ಟು ನಿಂತಿರುತ್ತದೆ. ಇಟ್ಟುಕೊಂಡರೆ ಮನೆಯ ಒಲೆ ಉರಿಯದು. ಕೊಟ್ಟರೆ ಕೈ ಬರಿದಾಗುತ್ತದೆ. ಪರದೇಶಗಳಲ್ಲಿ ಬಟ್ಟೆಯ ಕರಡಿಗಳನ್ನು ಕೈಯಿಂದ ಹೊಲಿದು ಮಾರುವವರ ಪಾಡೂ ಹೀಗೆಯೇ. ಕಣ್ಣು ಕೂರಿಸಿ ಮೂಗು ಹೊಲಿದೊಡನೆ ಕರಡಿಗೊಂದು ಮುಖ ಬಂದುಬಿಡುತ್ತದೆ. ಮುಖ ಬಂದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಗುರುತಿಲ್ಲದವರಿಗೆ ಕಳುಹಿಸುವುದು ಸುಲಭವಲ್ಲ.

ನಮ್ಮ ಹಿರಿಯರು ಈ ಭಾವಕ್ಕೆ ಇಟ್ಟ ಹೆಸರು ‘ಮಮಕಾರ’. ‘ಮಮ’ ಎಂದರೆ ‘ನನ್ನದು’. ಮಮತೆಯ ಬೇರೂ ಇದೇ. ವೇದಾಂತಿಗಳು ಇದನ್ನು ಬಿಡಬೇಕೆಂದರು. ವಿಜ್ಞಾನಿಗಳು ಇತ್ತೀಚಿನ ದಶಕಗಳಲ್ಲಿ ಇದನ್ನು ತೂಗಿ ನೋಡಿದ್ದಾರೆ. ಅವರಿಗೆ ದೊರೆತ ತೂಕವೆಷ್ಟು, ಅದರಿಂದ ಕಸುಬುದಾರನಿಗೇನು ಪ್ರಯೋಜನ ಎಂಬುದನ್ನು ನೋಡೋಣ.

ಬಟ್ಟೆಯ ಕರಡಿಯ ಹುಟ್ಟು

೧೯೦೨ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮಿಸಿಸಿಪಿ ರಾಜ್ಯಕ್ಕೆ ಬೇಟೆಗೆಂದು ಹೋಗಿದ್ದನು. ಸಂಗಡಿಗರು ಕರಡಿಯೊಂದನ್ನು ಹಿಡಿದು ಮರಕ್ಕೆ ಕಟ್ಟಿ, ಅಧ್ಯಕ್ಷರು ಗುಂಡು ಹಾರಿಸಲೆಂದು ಕಾದು ನಿಂತರು. ಕಟ್ಟಿಹಾಕಿದ ಪ್ರಾಣಿಗೆ ಗುಂಡಿಕ್ಕಲು ರೂಸ್‌ವೆಲ್ಟ್ ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರನು ಈ ಪ್ರಸಂಗವನ್ನು ಚಿತ್ರಿಸಿದನು; ಚಿತ್ರ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ಮಾರಿಸ್ ಮಿಚ್‌ಟಮ್ ಮತ್ತು ಆತನ ಪತ್ನಿ ರೋಸ್ ಬಟ್ಟೆಯ ಕರಡಿಯನ್ನು ಹೊಲಿದು ಅಂಗಡಿಯಲ್ಲಿಟ್ಟರು. ಥಿಯೊಡೋರನ ಮುದ್ದಿನ ಹೆಸರು ‘ಟೆಡ್ಡಿ’. ಗೊಂಬೆಗೂ ಅದೇ ಹೆಸರಾಯಿತು. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಜರ್ಮನಿಯ ಗೀಂಗೆನ್ ಊರಿನಲ್ಲಿ ಮಾರ್ಗರೇಟ್ ಸ್ಟೈಫ್ ಎಂಬಾಕೆಯ ಕಾರ್ಖಾನೆಯೂ ಕೈಕಾಲು ಆಡುವ ಕರಡಿಯನ್ನು ತಯಾರಿಸಿತು. ಚಿಕ್ಕಂದಿನಲ್ಲಿಯೇ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲಿ ಬಾಳಿದ ಈಕೆ ಹೊಲಿಗೆಯಿಂದಲೇ ಲೋಕಪ್ರಸಿದ್ಧಳಾದಳು.

ಹುಲಿ ಸಿಂಹ ಆನೆಗಳ ಗೊಂಬೆಗಳಿದ್ದರೂ ಮಕ್ಕಳು ರಾತ್ರಿ ತಬ್ಬಿ ಮಲಗಲು ಮೆತ್ತನೆಯ ಕರಡಿಯನ್ನೇ ಏಕೆ ಬಯಸುತ್ತಾರೆ? ಇದಕ್ಕೆ ಉತ್ತರದ ಒಂದು ಭಾಗ ೧೯೫೮ರಲ್ಲಿ ಹ್ಯಾರಿ ಹಾರ್ಲೊ ಎಂಬ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಪ್ರಯೋಗದಿಂದ ದೊರೆಯಿತು. ಆತ ತಾಯಿಯಿಂದ ಬೇರ್ಪಟ್ಟ ಕೋತಿಮರಿಗಳ ಮುಂದೆ ಎರಡು ‘ತಾಯಿಗೊಂಬೆ’ಗಳನ್ನಿಟ್ಟನು. ಒಂದು ಬರಿಯ ತಂತಿಯದು. ಇನ್ನೊಂದಕ್ಕೆ ಮೆತ್ತನೆಯ ಬಟ್ಟೆಯ ಹೊದಿಕೆ. ಹಾಲಿನ ಶೀಸೆ ತಂತಿಯ ಗೊಂಬೆಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿಗೆ ಹೋಗಿ, ದಿನದ ಬಹುಪಾಲನ್ನು ಬಟ್ಟೆಯ ಗೊಂಬೆಯನ್ನು ಅಪ್ಪಿಕೊಂಡೇ ಕಳೆದವು. ಹೊಟ್ಟೆ ತುಂಬಿಸಿದ್ದಕ್ಕಿಂತ ಮೈಗೆ ಹಿತವಾದದ್ದೇ ಆಸರೆಯಾಯಿತು. ಇದಕ್ಕೆ ಮೊದಲೇ, ೧೯೫೩ರಲ್ಲಿ, ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ಇನ್ನೊಂದು ವಿಷಯವನ್ನು ಎತ್ತಿ ತೋರಿಸಿದ್ದನು. ತಾಯಿಯೂ ತಾನೂ ಬೇರೆಯೆಂದು ಶಿಶುವಿಗೆ ಮೆಲ್ಲನೆ ತಿಳಿಯತೊಡಗುವ ಕಾಲದಲ್ಲಿ ಒಂದು ಬಟ್ಟೆಯ ತುಂಡೋ ಒಂದು ಗೊಂಬೆಯೋ ಅವರಿಬ್ಬರ ನಡುವಿನ ಸೇತುವೆಯಾಗುತ್ತದೆ ಎಂದು ಆತ ವಿವರಿಸಿದನು. ನಮ್ಮ ಮನೆಗಳಲ್ಲಿ ಅಮ್ಮನ, ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಮಾಡುವ ಕೆಲಸವೂ ಇದೇ ಅಲ್ಲವೆ?

ಅಂತಹ ವಸ್ತುವಿಗೆ ಬದಲಿಯಿಲ್ಲವೆಂಬುದನ್ನು ೨೦೦೮ರಲ್ಲಿ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ವಿಜ್ಞಾನಿಗಳು ಸೊಗಸಾದ ಉಪಾಯದಿಂದ ತೋರಿಸಿದರು. ಮೂರರಿಂದ ಆರು ವರ್ಷದ ಮಕ್ಕಳಿಗೆ ಎರಡು ಪೆಟ್ಟಿಗೆಗಳ ಒಂದು ‘ಯಂತ್ರ’ವನ್ನು ತೋರಿಸಿ, ಒಂದರಲ್ಲಿಟ್ಟ ವಸ್ತುವಿನ ತದ್ರೂಪು ಇನ್ನೊಂದರಲ್ಲಿ ಹುಟ್ಟುತ್ತದೆಂದು ನಂಬಿಸಿದರು. ಅದು ಕೇವಲ ಕೈಚಳಕ. ಸಾಮಾನ್ಯ ಆಟಿಕೆಯಾದರೆ ಮಕ್ಕಳು ಹೊಸ ‘ಪ್ರತಿ’ಯನ್ನೂ ಸಂತೋಷದಿಂದ ಆರಿಸಿದರು. ದಿನವೂ ತಬ್ಬಿ ಮಲಗುವ ಗೊಂಬೆಯಾದರೆ ಕೆಲವರು ಅದನ್ನು ಯಂತ್ರದೊಳಗಿಡಲೂ ಒಪ್ಪಲಿಲ್ಲ. ಇಟ್ಟವರಲ್ಲಿ ಹೆಚ್ಚಿನವರು ಹಳೆಯದನ್ನೇ ಮರಳಿ ಕೇಳಿದರು. ಕಣ್ಣಿಗೆ ಎರಡೂ ಒಂದೇ. ಮನಸ್ಸಿಗೆ ಹಾಗಲ್ಲ.

ಮಮಕಾರದ ತೂಕ

ಇದೆಲ್ಲ ಎಳೆಯ ಮಕ್ಕಳ ಮಾತು, ದೊಡ್ಡವರು ಲೆಕ್ಕ ಬಲ್ಲವರು ಎಂದು ವಾಚಕರು ಹೇಳಬಹುದು. ಅರ್ಥಶಾಸ್ತ್ರವೂ ಬಹುಕಾಲ ಹಾಗೆಯೇ ಭಾವಿಸಿತ್ತು. ಒಂದು ವಸ್ತುವನ್ನು ಕೊಳ್ಳಲು ನಾನು ಎಷ್ಟು ಕೊಟ್ಟೇನೋ, ಅದು ನನ್ನ ಬಳಿ ಇದ್ದಾಗ ಮಾರಲು ಸುಮಾರು ಅಷ್ಟನ್ನೇ ಕೇಳಬೇಕು ಎಂಬುದು ಆ ಶಾಸ್ತ್ರದ ಎಣಿಕೆ.

೧೯೯೦ರಲ್ಲಿ ಡೇನಿಯಲ್ ಕಾಹ್ನೆಮನ್, ಜಾಕ್ ನೆಟ್ಷ್, ರಿಚರ್ಡ್ ಥೇಲರ್ ಎಂಬ ಮೂವರು ಈ ಎಣಿಕೆಯನ್ನು ಪರೀಕ್ಷಿಸಿ ವರದಿ ಮಾಡಿದರು. ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಮೊದಲ ಗುಂಪಿನ ಪ್ರತಿಯೊಬ್ಬರಿಗೂ ಕಾಫಿ ಕುಡಿಯುವ ಪಿಂಗಾಣಿ ಬಟ್ಟಲೊಂದನ್ನು ಕೊಟ್ಟು, ‘ಇದು ನಿಮ್ಮದು, ಎಷ್ಟಕ್ಕೆ ಮಾರುವಿರಿ?’ ಎಂದು ಕೇಳಿದರು. ಎರಡನೆಯ ಗುಂಪಿಗೆ ಬಟ್ಟಲನ್ನು ಕೊಡದೆ ‘ಎಷ್ಟಕ್ಕೆ ಕೊಳ್ಳುವಿರಿ?’ ಎಂದರು. ಮೂರನೆಯ ಗುಂಪಿಗೆ ‘ಬಟ್ಟಲು ಬೇಕೋ, ಹಣ ಬೇಕೋ? ಎಷ್ಟು ಹಣವಾದರೆ ಬಟ್ಟಲನ್ನು ಬಿಡುವಿರಿ?’ ಎಂದು ಕೇಳಿದರು. ಮಾರುವವರ ಮಧ್ಯಮ ಬೆಲೆ ೭.೧೨ ಡಾಲರು, ಕೊಳ್ಳುವವರದು ೨.೮೭, ಆರಿಸುವವರದು ೩.೧೨. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲನೆಯ ಮತ್ತು ಮೂರನೆಯ ಗುಂಪಿನವರ ಕೈಗೆ ಕೊನೆಯಲ್ಲಿ ಬರುವುದು ಒಂದೇ: ಬಟ್ಟಲು ಇಲ್ಲವೆ ಹಣ. ಹೀಗಿದ್ದರೂ ಬಟ್ಟಲು ಕೆಲವು ನಿಮಿಷ ‘ನನ್ನದು’ ಆದುದರಿಂದಲೇ ಅದರ ಬೆಲೆ ಎರಡು ಪಾಲಿಗಿಂತ ಹೆಚ್ಚಾಯಿತು! ಕಾರಣವನ್ನು ಅವರು ಹೀಗೆ ಹೇಳಿದರು: ಗಳಿಸುವ ಸುಖಕ್ಕಿಂತ ಕಳೆದುಕೊಳ್ಳುವ ನೋವು ಮನಸ್ಸಿಗೆ ಹೆಚ್ಚು ಭಾರ. ೨೦೦೮ರಲ್ಲಿ ಬ್ರಯಾನ್ ನಟ್ಸನ್ ಮತ್ತು ಸಂಗಡಿಗರು, ಮಾರುವವರ ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಚಿತ್ರಿಸಿದರು. ತಾವು ಮೆಚ್ಚಿದ ವಸ್ತುವನ್ನು ಮಾರಬೇಕಾದಾಗ ‘ಇನ್ಸುಲ’ ಎಂಬ ಭಾಗ ಯಾರಲ್ಲಿ ಹೆಚ್ಚು ಚುರುಕಾಯಿತೋ ಅವರಲ್ಲಿ ಈ ಮಮಕಾರವೂ ಹೆಚ್ಚಾಗಿ ಕಂಡಿತು. ನೋವು, ಅಸಹ್ಯ ಮೊದಲಾದ ಅಹಿತಭಾವಗಳ ಸಮಯದಲ್ಲಿಯೂ ಎಚ್ಚರಗೊಳ್ಳುವ ಭಾಗವದು.

ಕೈಯಾರೆ ಮಾಡಿದ್ದು

ಯಾರೋ ಕೊಟ್ಟ ಬಟ್ಟಲಿಗೇ ಇಷ್ಟು ಮಮಕಾರವಾದರೆ ತಾನೇ ಮಾಡಿದ ವಸ್ತುವಿಗೆ ಎಷ್ಟಿರಬೇಡ? ಮೈಕೇಲ್ ನಾರ್ಟನ್ ಮತ್ತು ಆತನ ಸಂಗಡಿಗರು ೨೦೧೨ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಬಣ್ಣದ ಕಾಗದವನ್ನು ಮಡಿಸಿ ಕೊಕ್ಕರೆ, ಕಪ್ಪೆಗಳನ್ನು ಮಾಡುವುದು ಜಪಾನೀಯರ ಕಲೆ. ಅದನ್ನು ಅರಿಯದ ಜನರಿಗೆ ಮಡಿಸುವ ಕ್ರಮವನ್ನು ಕೊಟ್ಟು ಮಾಡಿಸಿದರು. ಬಳಿಕ ತಾವು ಮಾಡಿದ್ದನ್ನು ತಾವೇ ಕೊಳ್ಳುವುದಾದರೆ ಎಷ್ಟು ಕೊಡುವಿರೆಂದು ಕೇಳಿದರು. ಮಾಡಿದವರು ಕೊಡಲೊಪ್ಪಿದ್ದು ಸರಾಸರಿ ೨೩ ಸೆಂಟು. ಅದೇ ವಕ್ರವಕ್ರ ಕೊಕ್ಕರೆಗೆ ಬೇರೆಯವರು ಕಟ್ಟಿದ ಬೆಲೆ ೫ ಸೆಂಟು. ಕಲೆಯಲ್ಲಿ ಪಳಗಿದವರು ಮಡಿಸಿದ ಅಂದವಾದ ಕೊಕ್ಕರೆಗೆ ಅದೇ ಬೇರೆಯವರು ೨೭ ಸೆಂಟು ಕೊಡಲೊಪ್ಪಿದರು. ಅಂದರೆ, ಹೊಸಬನ ಕಣ್ಣಿಗೆ ತನ್ನ ಸೊಟ್ಟ ಕೊಕ್ಕರೆ ಹೆಚ್ಚುಕಡಿಮೆ ನುರಿತವನ ಕೊಕ್ಕರೆಯಷ್ಟೇ ಬೆಲೆಯುಳ್ಳದ್ದು! ಬಿಡಿಭಾಗಗಳನ್ನು ಕೊಟ್ಟು ಕೊಂಡವರಿಂದಲೇ ಜೋಡಿಸಿಸುವ ಸ್ವೀಡನ್ನಿನ ಪೀಠೋಪಕರಣ ಕಂಪನಿಯ ಹೆಸರಿನಿಂದ ಈ ಸಂಗತಿಯನ್ನು ‘ಐಕಿಯಾ ಪರಿಣಾಮ’ ಎಂದು ಕರೆದರು.

ಆ ಪ್ರಯೋಗಮಾಲೆಯಲ್ಲಿ ಇನ್ನೆರಡು ಸಂಗತಿಗಳು ಕಂಡುಬಂದವು. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದವರಲ್ಲಿ ಮಮಕಾರ ಬೆಳೆಯಲಿಲ್ಲ. ಜೋಡಿಸಿ ಮುಗಿಸಿದ್ದನ್ನು ಮತ್ತೆ ಬಿಚ್ಚಿ ಹಾಕಿದಾಗಲೂ ಅದು ನಿಲ್ಲಲಿಲ್ಲ. ಆದುದರಿಂದ ಬರಿಯ ದುಡಿಮೆ ಸಾಲದು. ದುಡಿಮೆ ಒಂದು ರೂಪವಾಗಿ ಕಣ್ಣೆದುರು ನಿಲ್ಲಬೇಕು.

ಈ ಭಾವ ಹುಟ್ಟಿನಿಂದಲೇ ಬಂದುದೆ? ೨೦೧೮ರಲ್ಲಿ ಲಾರೆನ್ ಮಾರ್ಷ್, ಪೆಟ್ರೀಷಿಯಾ ಕಾಂಗೀಸರ್, ಬ್ರೂಸ್ ಹುಡ್ ಎಂಬವರು ಪುಟ್ಟ ಮಕ್ಕಳಿಂದ ಆಟಿಕೆಗಳನ್ನು ಮಾಡಿಸಿ ನೋಡಿದರು. ಐದು ವರ್ಷಕ್ಕೆ ಮುಂಚೆ ಮಕ್ಕಳು ತಾವು ಮಾಡಿದ್ದಕ್ಕೂ ಅದೇ ಬಗೆಯ ಇನ್ನೊಂದಕ್ಕೂ ಅಂತಹ ಭೇದವನ್ನೆಣಿಸಲಿಲ್ಲ. ಐದರ ಹೊತ್ತಿಗೆ ಭೇದ ಕಾಣಿಸಿಕೊಂಡಿತು. ಹೆಚ್ಚು ಶ್ರಮಪಟ್ಟವರಿಗೆ ಹೆಚ್ಚು ಮಮಕಾರ ಎಂಬ ನಿಯಮವೂ ಅವರಲ್ಲಿ ಕಾಣಲಿಲ್ಲ. ‘ಇದು ನಿನ್ನದು’ ಎಂದು ಕೊಟ್ಟುಬಿಡುವುದರಿಂದಲೇ ಎಲ್ಲವೂ ವಿವರಿತವಾಗಲಿಲ್ಲ. ಮಗುವಿಗೆ ‘ನಾನು’ ಎಂಬ ಅರಿವು ಗಟ್ಟಿಗೊಳ್ಳುವ ವಯಸ್ಸಿನಲ್ಲಿಯೇ ‘ನಾನು ಮಾಡಿದ್ದು’ ಎಂಬುದೂ ಗಟ್ಟಿಗೊಳ್ಳುತ್ತದೆ. ಮಾಡಿದ ವಸ್ತುವಿನಲ್ಲಿ ಮಾಡಿದವನ ಅಂಶವೊಂದು ಸೇರಿಕೊಳ್ಳುತ್ತದೆ ಎಂಬುದು ಅವರ ಊಹೆ. ಹಳ್ಳದ ದಂಡೆಯಲ್ಲಿ ಎತ್ತನ್ನು ಬಿಡಲೊಲ್ಲದ ಮಗುವನ್ನು ಈ ಬೆಳಕಿನಲ್ಲಿ ನೋಡಿದರೆ, ಅದು ಮಣ್ಣಿಗಾಗಿ ಅಳುತ್ತಿಲ್ಲವೆಂದು ತಿಳಿಯುತ್ತದೆ.

ಕಸುಬುದಾರರು ಹೇಗೆ ಬಿಟ್ಟುಕೊಡುತ್ತಾರೆ?

ಹಾಗಾದರೆ ದಿನವೂ ಗೊಂಬೆಗಳನ್ನು ಮಾಡಿ ದಿನವೂ ಮಾರುವವರ ಗತಿಯೇನು? ನಮ್ಮ ನಾಡಿನ ಎರಡು ಹೆಸರಾಂತ ಗೊಂಬೆಯೂರುಗಳನ್ನು ನೋಡೋಣ.

ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಅದು ಗಿರ್ರನೆ ತಿರುಗುತ್ತಿರುವಾಗ ಉಳಿ ಹಿಡಿದು ರೂಪ ಕೊಡುತ್ತಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ತಿಕ್ಕಾಟದ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ; ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗು ಒಂದು ಬಗೆಯ ಸಣ್ಣ ಕೀಟಗಳು ಮರದ ರೆಂಬೆಗಳ ಮೇಲೆ ಸ್ರವಿಸುವ ರಾಳ. ಇಲ್ಲಿ ಒಂದೇ ಅಳತೆಯ ವಸ್ತುಗಳು ಸಾಲುಸಾಲಾಗಿ ಹೊರಬೀಳುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಮುಖವಿಲ್ಲವಾದುದರಿಂದ ಬಿಟ್ಟುಕೊಡುವುದು ಅಷ್ಟು ಕಷ್ಟವಾಗಲಾರದು.

ಯಾದಗಿರಿಯಿಂದ ಕೃಷ್ಣೆಯನ್ನು ದಾಟಿ ತುಂಗಭದ್ರೆಯ ಕಡೆಗೆ ಸಾಗಿದರೆ ಕೊಪ್ಪಳದ ಬಳಿ ಕಿನ್ನಾಳವೆಂಬ ಊರಿದೆ. ವಿಜಯನಗರದ ಕಾಲದಲ್ಲಿ ಹಂಪೆಯ ಗುಡಿಗಳಿಗೆ ಕೆಲಸ ಮಾಡಿದವರ ಪೀಳಿಗೆಯೆಂದು ಪ್ರತೀತಿಯಿರುವ ಚಿತ್ರಗಾರರು ಅಲ್ಲಿದ್ದಾರೆ. ಅವರ ಕೆಲಸದ ದಾರಿಯೇ ಬೇರೆ. ಹಗುರವಾದ ಮೆದು ಮರದಿಂದ ಅಂಗಾಂಗಗಳನ್ನು ಬೇರೆಬೇರೆಯಾಗಿ ಕಡೆದು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿನಾರು, ಮರದ ಹೊಟ್ಟು, ಅಂಟು ಇವನ್ನು ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ಮುಚ್ಚಿ ಮೈ ತುಂಬುತ್ತಾರೆ. ಬೆಣಚುಕಲ್ಲಿನ ಪುಡಿಯ ಅಂಟಿನಿಂದ ಆಭರಣಗಳನ್ನು ಉಬ್ಬಾಗಿ ಬರೆದು, ಮೇಲೆ ತವರದ ಲೇಪದಿಂದ ಮೆರುಗು ಕೊಟ್ಟು, ಕೊನೆಗೆ ಬಣ್ಣ ಹಚ್ಚಿ ಕಣ್ಣು ಬರೆಯುತ್ತಾರೆ. ಹೀಗೆ ಹಲವು ದಿನ ಕೈಯಲ್ಲಾಡಿದ ಗರುಡನೋ ಕಾಮಧೇನುವೋ ತನ್ನದೇ ಮುಖವನ್ನು ಪಡೆದಿರುತ್ತದೆ. ಇಲ್ಲಿ ಮಮಕಾರಕ್ಕೆ ಅವಕಾಶ ಹೆಚ್ಚು.

ಆದರೂ ಅವರು ಮಾರುತ್ತಾರೆ, ಮಾರಲೇಬೇಕು. ಅಭ್ಯಾಸದಿಂದ ಇದು ಸಾಧ್ಯವಾಗುತ್ತದೆಂಬುದಕ್ಕೆ ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನ ಆಧಾರವಾಗಿದೆ. ಆಟಗಾರರ ನೆನಪಿನ ವಸ್ತುಗಳನ್ನು ಕೊಂಡು ಮಾರುವ ಸಂತೆಯಲ್ಲಿ ಆತ ಪ್ರತಿಯೊಬ್ಬರಿಗೂ ಎರಡರಲ್ಲೊಂದು ವಸ್ತುವನ್ನು ಕೊಟ್ಟು, ಬೇಕಾದರೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಿರೆಂದನು. ಎರಡೂ ಸಮಬೆಲೆಯವು, ಅರ್ಧದಷ್ಟು ಜನ ಬದಲಾಯಿಸಿಕೊಳ್ಳಬೇಕಾಗಿತ್ತು. ಸಾಮಾನ್ಯ ಗಿರಾಕಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಮಾತ್ರ ಬದಲಾಯಿಸಿದರು. ಕಸಬಿನ ವ್ಯಾಪಾರಿಗಳಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ. ಕೊಟ್ಟು ಕೊಂಡು ಪಳಗಿದ ಕೈ ವಸ್ತುವನ್ನು ಬಿಗಿಹಿಡಿಯುವುದಿಲ್ಲ.

ಆದರೆ ಮಾರಿದ ಮೇಲೂ ಕಸುಬುದಾರನ ಬಳಿ ಒಂದು ಉಳಿಯುತ್ತದೆ. ಅದೇ ಕೈಯ ನೆನಪು. ೧೯೫೩ರಲ್ಲಿ ಮೂರ್ಛೆರೋಗ ನಿವಾರಣೆಗೆಂದು ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಮಿದುಳಿನ ಕೆಲವು ಭಾಗಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಅಂದಿನಿಂದ ಆತನಿಗೆ ಹೊಸ ಸಂಗತಿಯೊಂದೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ, ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಆಕಾರವನ್ನು ತಿದ್ದುವ ಕೆಲಸ ಕೊಟ್ಟಳು. ದಿನದಿಂದ ದಿನಕ್ಕೆ ಆತನ ಕೈ ಸುಧಾರಿಸಿತು. ಆದರೆ ಹಿಂದಿನ ದಿನ ಅದೇ ಕೆಲಸವನ್ನು ಮಾಡಿದ್ದೆನೆಂಬುದು ಆತನಿಗೆ ನೆನಪೇ ಇರಲಿಲ್ಲ! ಕಂಡದ್ದು ಕೇಳಿದ್ದು ಮಿದುಳಿನ ಒಂದು ಕಡೆಯಲ್ಲಿ, ಕೈ ಕಲಿತದ್ದು ಮತ್ತೊಂದು ಕಡೆಯಲ್ಲಿ ಸಂಗ್ರಹವಾಗುತ್ತದೆಂದು ಇದರಿಂದ ತಿಳಿಯಿತು. ನೂರು ಗೊಂಬೆಗಳನ್ನು ಮಾರಿದವನು ಮನೆಗೆ ಬರಿಗೈಯಲ್ಲಿ ಬಂದಂತೆ ಕಂಡರೂ, ಆ ನೂರರ ಕಲಿಕೆಯೂ ಅವನ ಕೈಯಲ್ಲಿಯೇ ಇರುತ್ತದೆ.

ಬಿಡಲೆಂದು ಮಾಡಿದ್ದು, ಇಡಲೆಂದು ಮಾಡಿದ್ದು

ನಮ್ಮ ಹಳ್ಳಿಗರು ಈ ಸಮಸ್ಯೆಯನ್ನು ವಸ್ತುವಿನ ಆಯ್ಕೆಯಿಂದಲೇ ಬಿಡಿಸಿಕೊಂಡಂತೆ ತೋರುತ್ತದೆ. ಜ್ಯೇಷ್ಠದಲ್ಲಿ ಎತ್ತು, ಆಷಾಢದಲ್ಲಿ ಹೆಣ್ಣುಮಕ್ಕಳು ಮಾಡುವ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ: ಎಲ್ಲವೂ ಹಸಿಮಣ್ಣಿನವು, ಸುಡದವು. ಸುಡುವ ವಿದ್ಯೆ ಇವರಿಗೆ ತಿಳಿಯದೆ ಅಲ್ಲ. ಗಡಿಗೆ ಮಡಕೆಗಳನ್ನು ಸುಡದೆ ಬಿಟ್ಟವರುಂಟೆ?

ಇದರ ರಸಾಯನಶಾಸ್ತ್ರ ಸ್ವಾರಸ್ಯವಾದುದು. ಜೇಡಿಯ ಕಣಗಳು ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತಲೂ ಚಿಕ್ಕವು, ಮತ್ತು ತೆಳುವಾದ ಹಾಳೆಗಳಂತಿರುವುವು. ಹಾಳೆಗಳ ನಡುವೆ ನೀರಿನ ಪದರವಿದ್ದಾಗ ಒಂದರ ಮೇಲೊಂದು ಜಾರುತ್ತವೆ. ಆದುದರಿಂದಲೇ ನಾದಿದ ಮಣ್ಣು ಹೇಳಿದಂತೆ ಕೇಳುತ್ತದೆ. ನೀರು ಆರಿದಾಗ ಹಾಳೆಗಳು ಒಂದಕ್ಕೊಂದು ಅಂಟಿ ಗೊಂಬೆ ಗಟ್ಟಿಯಾಗುತ್ತದೆ. ಇದು ಕೇವಲ ತಾತ್ಕಾಲಿಕ ಒಪ್ಪಂದ. ಮತ್ತೆ ನೀರಿಗಿಟ್ಟೊಡನೆ ನೀರು ರಂಧ್ರಗಳೊಳಗೆ ನುಗ್ಗಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಒತ್ತಿ, ಗೊಂಬೆಯನ್ನು ಒಡೆಯುತ್ತದೆ. ಎರೆಮಣ್ಣಿನಲ್ಲಿ ಹೇರಳವಾಗಿರುವ ಮಾಂಟ್‌ಮಾರಿಲೊನೈಟ್ ಎಂಬ ಖನಿಜವಂತೂ ಹಾಳೆ ಹಾಳೆಗಳ ನಡುವೆ ನೀರನ್ನು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಎರೆಹೊಲಗಳು ಆಳವಾಗಿ ಬಿರಿದು, ಮಳೆ ಬಿದ್ದೊಡನೆ ಬಿರುಕು ಮುಚ್ಚಿಕೊಳ್ಳುವುದೂ ಈ ಗುಣದಿಂದಲೇ.

ಮಣ್ಣನ್ನು ಸುಮಾರು ೫೦೦ರಿಂದ ೬೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಕಥೆಯೇ ಬೇರೆ. ಆಗ ಖನಿಜದ ರಚನೆಯೊಳಗೇ ಬಂಧಿತವಾಗಿದ್ದ ನೀರಿನಂಶ ಹೊರಟುಹೋಗುತ್ತದೆ, ಕಣಗಳು ಬೆಸೆದುಕೊಳ್ಳುತ್ತವೆ. ಕೆರೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಅದು ಮತ್ತೆ ನಾದುವ ಮಣ್ಣಾಗದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನವಶಿಲಾಯುಗದ ದನಗಾಹಿಗಳ ನೆಲೆಯೊಂದನ್ನು ಅಗೆಸಿದರು. ಸುಮಾರು ನಾಲ್ಕು ಸಾವಿರ ವರ್ಷ ಹಿ೦ದಿನ ಆ ಜನರ ಸುಟ್ಟ ಮಡಕೆಗಳ ಚೂರುಗಳು ಇಂದಿಗೂ ದೊರೆಯುತ್ತವೆ. ದನಗಳನ್ನೇ ನಂಬಿ ಬಾಳಿದ ಅವರ ಮಕ್ಕಳು ಹಸಿಮಣ್ಣಿನಲ್ಲಿ ಎತ್ತುಗಳನ್ನು ಮಾಡಿ ಆಡಿದ್ದರೂ ಅವು ಅಂದೇ ನೆಲಕ್ಕೆ ನೆಲವಾಗಿ ಹೋಗಿರುತ್ತವೆ.

ಮಣ್ಣೆತ್ತು ನೀರಿನಲ್ಲಿ ಕರಗಿ ಹೊಲಕ್ಕೆ ಮರಳುತ್ತದೆ. ಮುಂದಿನ ವರ್ಷ ಅದೇ ಮಣ್ಣಿನಿಂದ ಹೊಸ ಎತ್ತು. ಮಗು ಪ್ರತಿ ವರ್ಷವೂ ಒಮ್ಮೆ ಮಾಡುತ್ತದೆ, ಒಮ್ಮೆ ಬಿಡುತ್ತದೆ. ಬಿಡುವುದನ್ನು ಕಲಿಸುವ ಇಷ್ಟು ಅಗ್ಗದ ಪಾಠಶಾಲೆ ಬೇರೆಲ್ಲಿದೆ? ಪ್ಲಾಸ್ಟರ್ ಆಫ್ ಪ್ಯಾರಿಸಿನ ಮೂರ್ತಿಗಳು ಈ ಪಾಠವನ್ನು ಕೆಡಿಸುತ್ತವೆ. ಜಿಪ್ಸಮ್ಮಾಗಿ ಗಟ್ಟಿಗೊಂಡ ಅವು ನೀರಿನಲ್ಲಿ ಬಲು ನಿಧಾನವಾಗಿ ಸವೆಯುತ್ತವೆ; ಕೆರೆಯ ತಳದಲ್ಲಿ ಮುರಿದ ಕೈಕಾಲುಗಳಾಗಿ ಉಳಿಯುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ ಇಂತಹ ಮೂರ್ತಿಗಳು ಬೇಡವೆಂದು ಹೇಳಿ ಸಹಜ ಜೇಡಿಮಣ್ಣನ್ನು ಬಳಸಲು ತಿಳಿಸಿತು.

ಇನ್ನು ಇಡಲೆಂದೇ ಮಾಡಿದ್ದು ಕೌದಿ. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳುವ ಮಗಳೊಂದಿಗೆ, ಮೊಮ್ಮಗುವಿಗೆಂದು ತವರಿನ ಸೀರೆಗಳ ಕೌದಿ ಹೋಗುತ್ತದೆ. ಅದನ್ನು ಮಾರುವ ಮಾತೇ ಇಲ್ಲ. ಹರಿದರೆ ಮೇಲೊಂದು ಪದರ ಹೊಲಿದು ಮತ್ತೆ ಹೊದೆಯುತ್ತಾರೆ. ಬಿಡಬೇಕಾದುದಕ್ಕೆ ಕರಗುವ ಮಣ್ಣು, ಇಡಬೇಕಾದುದಕ್ಕೆ ದುರಸ್ತಿಗೆ ಒಗ್ಗುವ ಬಟ್ಟೆ. ವಸ್ತುವನ್ನು ಅರಿತು ಮಾಡಿದ ಏರ್ಪಾಡು ಇದು.

ಬೆಲೆಯ ಪ್ರಶ್ನೆ

ಬಿಡಲೂ ಅಲ್ಲ, ಇಡಲೂ ಅಲ್ಲ, ಮಾರಲೆಂದು ಮಾಡಿದ್ದರಲ್ಲಿಯೇ ತೊಡಕು. ಮೇಲೆ ಹೇಳಿದ ಕಾಗದದ ಕೊಕ್ಕರೆಯನ್ನು ಮತ್ತೆ ನೆನೆಯೋಣ. ಹೊಸದಾಗಿ ಗೊಂಬೆ ಮಾಡಲು ಕಲಿತ ತರುಣಿಯೊಬ್ಬಳು ಸಂತೆಗೆ ಹೋದಳೆನ್ನಿ. ಆಕೆಯ ಮನಸ್ಸಿನಲ್ಲಿ ಬೆಲೆ ೨೩. ಗಿರಾಕಿಯ ಮನಸ್ಸಿನಲ್ಲಿ ೫. ಗಿರಾಕಿ ಚೌಕಾಸಿ ಮಾಡಿದರೆ ಆಕೆಗೆ ಅವಮಾನವಾಗುತ್ತದೆ. ಆಕೆಯ ಬೆಲೆಯನ್ನು ಕೇಳಿ ಗಿರಾಕಿಗೆ ದುರಾಶೆಯೆಂದು ತೋರುತ್ತದೆ. ವಾಸ್ತವವಾಗಿ ಇಬ್ಬರೂ ಪ್ರಾಮಾಣಿಕರು. ಇಬ್ಬರ ತಕ್ಕಡಿಗಳು ಬೇರೆ, ಅಷ್ಟೆ. ಇದನ್ನರಿಯದೆ ಎಷ್ಟೋ ಜನ ‘ನನ್ನ ಕೆಲಸಕ್ಕೆ ಬೆಲೆಯಿಲ್ಲ’ ಎಂದು ಮೊದಲ ಸಂತೆಯಲ್ಲಿಯೇ ಕಸುಬನ್ನು ಬಿಡುತ್ತಾರೆ. ಇನ್ನು ಕೆಲವರು ಬೇಸತ್ತು, ತಮ್ಮ ದುಡಿಮೆಯ ಹೊತ್ತನ್ನೂ ಎಣಿಸದೆ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಎರಡು ದಾರಿಗಳೂ ಕಸುಬಿನ ಅಳಿವಿಗೇ ಹೋಗಿ ಸೇರುತ್ತವೆ.

ಆದರೆ ಅದೇ ಪ್ರಯೋಗದಲ್ಲಿ ೨೭ ಎಂಬ ಇನ್ನೊಂದು ಸಂಖ್ಯೆಯೂ ಇತ್ತು. ಹೊಸಬನ ೨೩ ಅವನ ಮನಸ್ಸಿನಲ್ಲಿ ಮಾತ್ರ ಚಲಾವಣೆಯಾಗುವ ನಾಣ್ಯ. ನುರಿತವನ ೨೭ ಲೋಕವೆಲ್ಲ ಒಪ್ಪುವ ನಾಣ್ಯ. ಇವೆರಡರ ನಡುವೆ ಇರುವುದು ಕಲಿಕೆಯೊಂದೇ. ಮೊದಲ ಕೊಕ್ಕರೆಯ ಮೇಲಿನ ಮಮಕಾರ ಸುಳ್ಳಲ್ಲ. ಎರಡನೆಯದನ್ನೂ ನೂರನೆಯದನ್ನೂ ಮಡಿಸುವ ಹುಮ್ಮಸ್ಸನ್ನು ಕೊಡುವುದು ಅದೇ. ಅದಿಲ್ಲದಿದ್ದರೆ ಯಾರೂ ನುರಿತವರಾಗುವಷ್ಟು ದೂರ ನಡೆಯುತ್ತಿರಲಿಲ್ಲ. ಮಮಕಾರವು ಕಲಿಯುವವನಿಗೆ ಪ್ರಕೃತಿ ಕೊಟ್ಟ ಮುಂಗಡವೆಂದರೂ ಸಲ್ಲುತ್ತದೆ. ಆದರೆ ಮುಂಗಡವನ್ನೇ ಬೆಲೆಯೆಂದು ತಿಳಿಯಬಾರದು. ಬೆಲೆ ಹೇಳುವಾಗ ಸಾಮಗ್ರಿಯ ಖರ್ಚು, ಹಿಡಿದ ಗಂಟೆಗಳು, ಆ ಗಂಟೆಗಳಿಗೆ ಸಲ್ಲುವ ಕೂಲಿ, ಉಪಕರಣಗಳ ಸವಕಳಿ ಇವುಗಳನ್ನು ಬರೆದಿಟ್ಟು ಕೂಡಬೇಕು. ಬರೆದ ಲೆಕ್ಕದಲ್ಲಿ ಮಮಕಾರವೂ ನುಸುಳದು, ಅಂಜಿಕೆಯೂ ನುಸುಳದು.

ಕೊಳ್ಳುವವರ ಕಡೆಯಿಂದಲೂ ಆಶಾದಾಯಕವಾದ ಒಂದು ಮಾತಿದೆ. ೨೦೧೫ರಲ್ಲಿ ಕ್ರಿಸ್ಟಾಫ್ ಫುಕ್ಸ್, ಮಾರ್ಟಿನ್ ಶ್ರೈಯರ್, ಸ್ಟೈನ್ ವಾನ್ ಆಸೆಲೇರ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುವನ್ನು ಕೈಯಿಂದ ಮಾಡಿದ್ದೆಂದು ತಿಳಿಸಿದಾಗ ಜನರಿಗೆ ಅದು ಹೆಚ್ಚು ಹಿಡಿಸಿತು. ಮಾಡಿದವರ ಪ್ರೀತಿ ಅದರೊಳಗೆ ಅಡಗಿದೆಯೆಂದು ಅವರು ಭಾವಿಸುವುದೇ ಒಂದು ಕಾರಣವೆಂದು ಕಂಡುಬಂತು. ಪ್ರೀತಿಪಾತ್ರರಿಗೆ ಉಡುಗೊರೆ ಕೊಡುವಾಗ ಈ ಒಲವು ಇನ್ನೂ ಹೆಚ್ಚು. ಆದುದರಿಂದ ‘ಇದನ್ನು ಕೈಯಿಂದ ಹೀಗೆ ಹೀಗೆ ಮಾಡಿದೆ’ ಎಂದು ಗಿರಾಕಿಗೆ ವಿವರಿಸುವುದು ಬಡಾಯಿಯಲ್ಲ. ಮಾಡಿದವರ ಮಮಕಾರವು ಕೊಂಡವರ ಮಮತೆಯಾಗಿ ಕೈ ಬದಲಾಯಿಸುವ ದಾರಿ ಅದು.

ನೀವೇ ಮಾಡಿ ನೋಡಿ

ಈ ತೂಕವನ್ನು ಪುಸ್ತಕದಿಂದ ನಂಬಬೇಕಾಗಿಲ್ಲ. ನಿಮ್ಮ ತರಗತಿಯಲ್ಲಿಯೇ ಪರೀಕ್ಷಿಸಬಹುದು. ನಲವತ್ತು ವಿದ್ಯಾರ್ಥಿಗಳಿದ್ದರೆ ಚೀಟಿ ಎತ್ತಿ ಇಪ್ಪತ್ತಿಪ್ಪತ್ತರ ಎರಡು ಗುಂಪು ಮಾಡಿರಿ. ಎಲ್ಲರಿಗೂ ಹತ್ತು ಹತ್ತು ಪೆಪ್ಪರಮಿಂಟುಗಳನ್ನು ಕೊಡಿರಿ. ಇದೇ ನಿಮ್ಮ ಹಣ. ಮೊದಲ ಗುಂಪಿನವರು ಮಣ್ಣಿನಿಂದ ಒಂದೊಂದು ಎತ್ತನ್ನು ಮಾಡಲಿ. ಎತ್ತುಗಳ ಮೇಲೆ ಹೆಸರು ಬರೆಯದೆ ಅಂಕಿಗಳನ್ನು ಅಂಟಿಸಿರಿ. ಮಾಡಿದವರು ತಮ್ಮ ಎತ್ತಿಗೂ, ಎರಡನೆಯ ಗುಂಪಿನವರು ತಮಗೆ ಬಂದ ಅಂಕಿಯ ಎತ್ತಿಗೂ, ಅದನ್ನು ಪಡೆಯಲು ಎಷ್ಟು ಪೆಪ್ಪರಮಿಂಟು ಕೊಡುವೆನೆಂದು ಗುಟ್ಟಾಗಿ ಚೀಟಿಯಲ್ಲಿ ಬರೆಯಲಿ.

ಬಳಿಕ ಒಂದರಿಂದ ಹತ್ತರವರೆಗಿನ ಅಂಕಿಗಳಿರುವ ಡಬ್ಬಿಯಿಂದ ಒಂದನ್ನು ಎತ್ತಿರಿ. ಅದು ಬರೆದ ಬೆಲೆಗಿಂತ ಹೆಚ್ಚಿಲ್ಲದಿದ್ದರೆ, ಎತ್ತಿದ ಅಂಕಿಯಷ್ಟನ್ನೇ ಕೊಟ್ಟು ಎತ್ತನ್ನು ಪಡೆಯಬಹುದು. ಹೆಚ್ಚಿದ್ದರೆ ಎತ್ತು ಸಿಗದು, ಪೆಪ್ಪರಮಿಂಟು ಉಳಿಯುತ್ತದೆ. ಒಂದೇ ಎತ್ತನ್ನು ಇಬ್ಬರೂ ಪಡೆಯುವಂತಾದರೆ ಯಾರ ಬೆಲೆ ಲೆಕ್ಕಕ್ಕೆ ಬರಬೇಕೆಂಬುದನ್ನು ಮೊದಲೇ ನಾಣ್ಯ ಚಿಮ್ಮಿ ಗೊತ್ತುಮಾಡಿಕೊಂಡಿರಿ. ಈ ನಿಯಮದಿಂದ ಸುಳ್ಳು ಬೆಲೆ ಬರೆದವರಿಗೆ ಲಾಭವಿಲ್ಲ. ಏಕೆಂಬುದನ್ನು ನೀವೇ ಯೋಚಿಸಿ ಕಂಡುಕೊಳ್ಳಿರಿ. ಎರಡು ಗುಂಪುಗಳ ಬೆಲೆಗಳನ್ನು ಏರುವ ಕ್ರಮದಲ್ಲಿ ಬರೆದು ನಡುವಿನ ಬೆಲೆಯನ್ನು ಹೋಲಿಸಿರಿ. ಅಂತರ ಕಂಡರೆ ಅದು ನಿಮ್ಮ ತರಗತಿಯ ಮಮಕಾರದ ತೂಕ. ಕಾಣದಿದ್ದರೆ ಅದನ್ನೂ ಹಾಗೆಯೇ ದಾಖಲೆ ಮಾಡಿರಿ. ಬಯಸಿದ ಫಲ ಬಾರದಿದ್ದಾಗ ಅಂಕಿಗಳನ್ನು ತಿದ್ದುವುದು ವಿಜ್ಞಾನವಲ್ಲ. ಮುಂದಿನ ವರ್ಷ ಅದೇ ವಿದ್ಯಾರ್ಥಿಗಳು, ಹತ್ತಾರು ಎತ್ತುಗಳನ್ನು ಮಾಡಿ ಕೈ ಪಳಗಿದ ಮೇಲೆ, ಪ್ರಯೋಗವನ್ನು ಮತ್ತೊಮ್ಮೆ ನಡೆಸಿದರೆ ಇನ್ನೂ ಒಳ್ಳೆಯದು. ಆಗ ನೋಡಬೇಕಾದುದು ಮಾಡಿದವರ ಬೆಲೆ ಇಳಿಯಿತೆ ಎಂಬುದನ್ನಲ್ಲ. ಉಳಿದವರ ಬೆಲೆ ಎಷ್ಟು ಮೇಲೇರಿತು ಎಂಬುದನ್ನು.